ವಿಕಿಪೀಡಿಯ ಮಾಡಿಕೊಡೋಕೆ ಎಷ್ಟಾಗತ್ತೆ?

ಅಕ್ಟೋಬರ್ ಬಂತೆಂದರೆ ಶಿವಮೊಗ್ಗದ ದುರ್ಗಿಗುಡಿಯಲ್ಲಿರುವ ನನ್ನ ಡಿಟಿಪಿ ಅಂಗಡಿಗೆ ಬಯೊಡಾಟಾ ಸುಗ್ಗಿ. ರಾಜ್ಯೋತ್ಸವ ಪ್ರಶಸ್ತಿಗೊಂದು, ಜಿಲ್ಲಾ ಪ್ರಶಸ್ತಿಗೊಂದು, ಯಾವುದೋ ಸಂಘದ ಸನ್ಮಾನಕ್ಕೊಂದು. ಮೊದಲೆಲ್ಲ ಎರಡು ಪುಟ ಟೈಪ್ ಮಾಡಿ, ಪೇಪರ್ ಕಟಿಂಗ್‌ಗಳ ಜೆರಾಕ್ಸ್ ಸೇರಿಸಿ, ಸ್ಪೈರಲ್ ಬೈಂಡಿಂಗ್ ಹಾಕಿಕೊಟ್ಟರೆ ಮುಗಿಯಿತು. ಈಗ ದುಡ್ಡು ಕೊಡುವ ಹೊತ್ತಿಗೆ ಇನ್ನೊಂದು ಬೇಡಿಕೆ ಬರುತ್ತದೆ: "ಅಕ್ಕಾ, ಹಂಗೇ ನಮ್ಮ ಸಾಹೇಬ್ರ ಹೆಸರಲ್ಲಿ ಒಂದು ವಿಕಿಪೀಡಿಯ ಮಾಡಿಕೊಟ್ಬಿಡಿ. ಎಷ್ಟಾಗತ್ತೆ?"

ವಿಸಿಟಿಂಗ್ ಕಾರ್ಡ್ ಎಷ್ಟು, ಫ್ಲೆಕ್ಸ್ ಎಷ್ಟು, ವಿಕಿಪೀಡಿಯ ಎಷ್ಟು ಎಂದು ಒಂದೇ ಉಸಿರಿನಲ್ಲಿ ಕೇಳುವವರೂ ಇದ್ದಾರೆ. ಅದು ಮಾರಾಟದ ಸರಕಲ್ಲ ಎಂದರೆ ರೇಟು ಏರಿಸಲು ಆಟ ಆಡುತ್ತಿದ್ದೇನೆ ಎಂದುಕೊಳ್ಳುತ್ತಾರೆ. ನಾನು ಬಿಡುವಿದ್ದಾಗ ಕನ್ನಡ ವಿಕಿಪೀಡಿಯದಲ್ಲಿ ಬರೆಯುತ್ತೇನೆ ಎಂಬುದು ಇಲ್ಲಿ ಕೆಲವರಿಗೆ ಗೊತ್ತು. ಪುಕ್ಕಟೆ ಬರೆಯುವವಳು ದುಡ್ಡು ಕೊಟ್ಟರೆ ಏಕೆ ಬರೆಯುವುದಿಲ್ಲ ಎಂಬುದು ಅವರಿಗೆ ಅರ್ಥವಾಗದ ಒಗಟು.

ದುಡ್ಡು ತೆಗೆದುಕೊಂಡು ಬರೆಯುವುದು ವಿಕಿಪೀಡಿಯದಲ್ಲಿ ಪೂರ್ತಿ ನಿಷಿದ್ಧವೇನಲ್ಲ. 2014ರಲ್ಲಿ ಅದನ್ನು ನಡೆಸುವ ವಿಕಿಮೀಡಿಯ ಪ್ರತಿಷ್ಠಾನ ತನ್ನ ಬಳಕೆಯ ಷರತ್ತುಗಳಲ್ಲೇ ಒಂದು ಮಾತು ಸೇರಿಸಿತು: ಹಣ ಪಡೆದು ಬರೆಯುವವರು ಯಾರಿಂದ ಪಡೆದೆ, ಯಾರ ಪರವಾಗಿ ಬರೆಯುತ್ತಿದ್ದೇನೆ, ಅವರಿಗೂ ನನಗೂ ಏನು ಸಂಬಂಧ ಎಂಬುದನ್ನು ಬಹಿರಂಗವಾಗಿ ಹೇಳಬೇಕು. "ಸಾಹೇಬರ ಪಿಎ ದುಡ್ಡು ಕೊಟ್ಟರು, ಅವರ ಪರವಾಗಿ ಬರೆದಿದ್ದೇನೆ" ಅಂತ ಪುಟದಲ್ಲೇ ಬರೆದು ಹಾಕುತ್ತೇನೆ, ಆಗಬಹುದಾ ಎಂದು ಒಮ್ಮೆ ಕೇಳಿದೆ. ಪಿಎ ಬೈಂಡಿಂಗ್ ದುಡ್ಡಷ್ಟೇ ಎಣಿಸಿಕೊಟ್ಟು ಹೋದರು.

ಹೀಗೆ ಮುಚ್ಚಿಟ್ಟು ದುಡ್ಡಿಗೆ ಬರೆಯುವುದರಲ್ಲಿ ಮೋಸ ಹೋಗುವವರು ಓದುಗರು ಮಾತ್ರವೂ ಅಲ್ಲ. 2015ರಲ್ಲಿ ಇಂಗ್ಲಿಷ್ ವಿಕಿಪೀಡಿಯ 'ಆರೆಂಜ್‌ಮೂಡಿ' ಎಂಬ ಹೆಸರಿಟ್ಟು ಬಯಲಿಗೆಳೆದ ಜಾಲದಲ್ಲಿ 381 ಖಾತೆಗಳು ಮುಚ್ಚಿಹೋದವು. ಸಣ್ಣ ವ್ಯಾಪಾರಿಗಳನ್ನೂ ಸಣ್ಣಪುಟ್ಟ ಕಲಾವಿದರನ್ನೂ ಹುಡುಕಿ, ನಿಮ್ಮ ಪುಟ ಹಾಕಿಸಿಕೊಡುತ್ತೇವೆ ಎಂದು ಹಣ ಕೇಳುವುದು, ಹಾಕಿದ ಮೇಲೆ ಅದು ಅಳಿಯದಂತೆ ಕಾಯಲು ಮತ್ತೆ ಹಣ ಕೇಳುವುದು, ಇದು ಅವರ ದಂಧೆ. ನಮ್ಮ ಗಾಂಧಿ ಬಜಾರಿನ ಅಂಗಡಿಯವರಿಗೂ ಅಂಥ ಫೋನು ಬಂದರೆ ನನಗೆ ಆಶ್ಚರ್ಯವಾಗುವುದಿಲ್ಲ.

ಆದರೆ ಇಂಥ ದಂಧೆಯವರಿಗೆ ಬುದ್ಧಿ ಹೇಳಲು ನಾನು ಈ ಲೇಖನ ಬರೆಯುತ್ತಿಲ್ಲ. ನನ್ನ ತಕರಾರು ಇರುವುದು ಒಳ್ಳೆಯ ಮನಸ್ಸಿನಿಂದ ವಿಕಿಪೀಡಿಯ ಕಾರ್ಯಾಗಾರ ನಡೆಸುವ ಕಾಲೇಜುಗಳ ಮೇಲೆ, ಸಂಘಸಂಸ್ಥೆಗಳ ಮೇಲೆ, ಸ್ವಲ್ಪಮಟ್ಟಿಗೆ ನಮ್ಮಂಥ ಹಳಬರ ಮೇಲೂ. ಕೃತಿಸ್ವಾಮ್ಯ ಮತ್ತು ಹಿತಾಸಕ್ತಿ ಸಂಘರ್ಷ ಎಂಬ ಎರಡು ನಿಯಮಗಳನ್ನು ನಾವು ಯಾವಾಗಲೂ ಕೊನೆಯ ಸ್ಲೈಡಿಗೆ ಇಟ್ಟುಕೊಳ್ಳುತ್ತೇವೆ. ಊಟದ ಹೊತ್ತಾಗಿರುತ್ತದೆ, ಮಕ್ಕಳು ಬಸ್ಸಿಗೆ ಏಳುತ್ತಿರುತ್ತಾರೆ. "ಕಾಪಿ ಮಾಡಬೇಡಿ, ನಿಮ್ಮ ಬಗ್ಗೆ ನೀವೇ ಬರೀಬೇಡಿ" ಎಂದು ಎರಡು ಬೇಡಗಳನ್ನು ಎಸೆದು ಪ್ರಮಾಣಪತ್ರ ಹಂಚುತ್ತೇವೆ. ಅಕ್ಷರ ದಪ್ಪ ಮಾಡುವುದು ಹೇಗೆ ಎಂಬುದಕ್ಕೆ ಮಾತ್ರ ಅರ್ಧ ಗಂಟೆ. ಈ ಎರಡೂ ನಿಯಮ ಮೊದಲ ಪಾಠವಾಗಬೇಕು, ಅದೂ ಬೇಡ ಎಂಬ ಧಾಟಿಯಲ್ಲಲ್ಲ. ಬರೆಯುವ ಮಾತು ಯಾರದ್ದು ಎಂದು ಹೇಳು, ಬರೆಯುತ್ತಿರುವ ನೀನು ಯಾರ ಕಡೆಯವಳು ಎಂದು ಹೇಳು. ಇಷ್ಟನ್ನು ಮೊದಲ ದಿನವೇ ಕಲಿಸಿದರೆ ಉಳಿದದ್ದನ್ನು ಅವರೇ ಕಲಿಯುತ್ತಾರೆ.

ನಕಲಿನ ವಿಷಯದಲ್ಲಿ ನನ್ನ ಕಸುಬಿನಿಂದ ಒಂದು ಲಾಭವಿದೆ. ಕದ್ದದ್ದು ನನಗೆ ಬೇಗ ಕಾಣಿಸುತ್ತದೆ. ನಮ್ಮ ಹಳೆಯ ಪುಸ್ತಕಗಳೆಲ್ಲ ಶ್ರೀಲಿಪಿಯಲ್ಲೋ ನುಡಿಯಲ್ಲೋ ಬರಹದಲ್ಲೋ, ಯೂನಿಕೋಡ್ ಅಲ್ಲದ ಫಾಂಟಿನಲ್ಲಿ ಇವೆ. ಪಿಡಿಎಫ್‌ನಿಂದ ಎತ್ತಿ ಅಂಟಿಸಿದರೆ ಅಕ್ಷರವೆಲ್ಲ ಚೆಲ್ಲಾಪಿಲ್ಲಿ. ಯೂನಿಕೋಡಿಗೆ ಪರಿವರ್ತಿಸಿದರೂ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಒಡೆದಿರುತ್ತದೆ. ವಿಕಿಪೀಡಿಯದ ಲೇಖನವೊಂದರಲ್ಲಿ ಅಂಥ ಮುರಿದ ಅರ್ಕಾವತ್ತು ಕಂಡರೆ ಅದು ಯಾರೋ ಕೂತು ಬರೆದದ್ದಲ್ಲ, ಎಲ್ಲಿಂದಲೋ ಎತ್ತಿ ತಂದದ್ದು ಎಂದು ಗೊತ್ತಾಗಿಬಿಡುತ್ತದೆ. ಕೆಲವು ಹುಡುಗರಂತೂ ಪರಿವರ್ತನೆಗೆ ನನ್ನ ಅಂಗಡಿಗೇ ಬರುತ್ತಾರೆ. "ಅಕ್ಕಾ, ಈ ಪುಸ್ತಕದ ನಾಲ್ಕು ಪುಟ ಯೂನಿಕೋಡ್ ಮಾಡಿಕೊಡಿ, ವಿಕಿಪೀಡಿಯಕ್ಕೆ ಹಾಕ್ಬೇಕು, ಇಂಟರ್ನಲ್ಸ್‌ಗೆ ಹತ್ತು ಮಾರ್ಕ್ಸ್ ಇದೆ."

ಆ ಹುಡುಗನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ಹತ್ತು ವರ್ಷ ಗೈಡಿನಿಂದ ಉತ್ತರ ಬರೆಸಿ, ಅದೇ ವಾಕ್ಯ ಬಂದರೆ ಪೂರ್ತಿ ಅಂಕ ಕೊಟ್ಟವರು ನಾವು. ಅವನ ಪಾಲಿಗೆ ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಸಾರ್ವಜನಿಕ ಸ್ವತ್ತು. ಪುಸ್ತಕದಲ್ಲಿ ಕಾಪಿರೈಟ್ ಚಿಹ್ನೆ ಇರಲಿಲ್ಲ, ಹಾಗಾಗಿ ಫ್ರೀ ಅಲ್ವಾ ಎಂದು ಕೇಳುತ್ತಾನೆ. ಅಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಹಕ್ಕು ಬರೆದ ಕ್ಷಣಕ್ಕೇ ಹುಟ್ಟುತ್ತದೆ. ನೋಂದಣಿ ಬೇಕಿಲ್ಲ, ಚಿಹ್ನೆ ಬೇಕಿಲ್ಲ, 'ಹಕ್ಕುಗಳು ಲೇಖಕರವು' ಎಂದು ನಾನು ಇಂಪ್ರಿಂಟ್ ಪುಟದಲ್ಲಿ ಟೈಪಿಸಬೇಕಾಗಿಯೂ ಇಲ್ಲ.

ಪುಣೆಯ ಕಥೆಯನ್ನು ನಮ್ಮ ಉಪನ್ಯಾಸಕರು ತಿಳಿದುಕೊಂಡರೆ ಒಳ್ಳೆಯದು. 2011ರಲ್ಲಿ ಅಲ್ಲಿನ ಕೆಲವು ಕಾಲೇಜುಗಳಲ್ಲಿ ವಿಕಿಪೀಡಿಯ ಶಿಕ್ಷಣ ಯೋಜನೆ ಭರದಿಂದ ಶುರುವಾಯಿತು. ವಿದ್ಯಾರ್ಥಿಗಳು ಪಠ್ಯಪುಸ್ತಕಗಳಿಂದ, ಜಾಲತಾಣಗಳಿಂದ ಎತ್ತಿ ಎತ್ತಿ ಹಾಕಿದರು. ಎಲ್ಲೋ ಕುಳಿತ ಸ್ವಯಂಸೇವಕರು ತಮ್ಮ ನಿದ್ದೆಗೆಟ್ಟು ಅದನ್ನೆಲ್ಲ ತೆಗೆದರು. ಕೊನೆಗೆ ಯೋಜನೆಯನ್ನೇ ನಿಲ್ಲಿಸಬೇಕಾಯಿತು. ಅಂಕಕ್ಕಾಗಿ, ಇಂತಿಷ್ಟು ಉದ್ದ ಇರಬೇಕೆಂದು ಬರೆಸಿದರೆ ಆಗುವುದು ಅದೇ.

ಹುಡುಗರು ಇನ್ನೊಂದು ಉಪಾಯ ಕಲಿತಿದ್ದಾರೆ. ವಾಕ್ಯದ ತಲೆ ಬಾಲ ತಿರುಗಿಸುವುದು. ನಾನು ಪಾಠಕ್ಕೆಂದೇ ಒಂದು ವಾಕ್ಯ ಕಟ್ಟಿಟ್ಟುಕೊಂಡಿದ್ದೇನೆ: "1923ರಲ್ಲಿ ಭದ್ರಾ ನದಿಯ ದಂಡೆಯಲ್ಲಿ ತಲೆಯೆತ್ತಿ ನಿಂತ ಈ ಕಾರ್ಖಾನೆ ಮಲೆನಾಡಿನ ಸಾವಿರಾರು ಮನೆಗಳ ಅನ್ನದ ಬಟ್ಟಲಾಯಿತು." ಇದನ್ನು ನಿಮ್ಮ ಮಾತಿನಲ್ಲಿ ಬರೆಯಿರಿ ಎಂದರೆ ಹತ್ತರಲ್ಲಿ ಎಂಟು ಜನ ಬರೆಯುವುದು ಹೀಗೆ: "ಭದ್ರಾ ನದಿಯ ತೀರದಲ್ಲಿ 1923ರಲ್ಲಿ ತಲೆಯೆತ್ತಿ ನಿಂತ ಸದರಿ ಕಾರ್ಖಾನೆಯು ಸಾವಿರಾರು ಮಲೆನಾಡಿಗರ ಮನೆಗಳಿಗೆ ಅನ್ನದ ಬಟ್ಟಲಾಗಿರುತ್ತದೆ." 'ಸದರಿ' ಸೇರಿತು, 'ಇರುತ್ತದೆ' ಸೇರಿತು, ಕೃತಿಸ್ವಾಮ್ಯದ ದೃಷ್ಟಿಯಿಂದ ಏನೂ ಬದಲಾಗಲಿಲ್ಲ. ಇದರಲ್ಲಿ ಯಾರ ಸ್ವತ್ತೂ ಅಲ್ಲದ್ದು ಎರಡೇ: ಕಾರ್ಖಾನೆ 1923ರಲ್ಲಿ ಶುರುವಾಯಿತು, ಅದು ಭದ್ರೆಯ ದಡದಲ್ಲಿದೆ. ತಲೆಯೆತ್ತಿದ್ದು, ಅನ್ನದ ಬಟ್ಟಲಾದದ್ದು ಬರೆದವರ ಸ್ವತ್ತು. ವಿಶ್ವಕೋಶಕ್ಕೆ ಬೇಡವಾದದ್ದೂ ಅದೇ. ಪುಸ್ತಕ ಮುಚ್ಚಿಟ್ಟು, ಇನ್ನೊಂದು ಪುಸ್ತಕ ಓದಿ, ಆಮೇಲೆ ಬರೆಯಿರಿ ಎಂದರೆ ಹುಡುಗಿಯೊಬ್ಬಳು ಬರೆದಳು: ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬರುತ್ತಿತ್ತು, ಕರಗಿಸಲು ಕಾಡಿನ ಮರದ ಇದ್ದಿಲು ಉರಿಸುತ್ತಿದ್ದರು. ಎರಡೇ ಸಾಲು, ಎರಡಕ್ಕೂ ಆಧಾರ. ಅವಳಿಗೆ ಕಾಲೇಜಿನಲ್ಲಿ ಅಂಕ ಕಮ್ಮಿ ಬಂತಂತೆ, ಲೇಖನ ಚಿಕ್ಕದಾಯಿತು ಅಂತ.

ಯಾವುದು ಯಾರದ್ದು ಎಂಬ ಲೆಕ್ಕ ನಮ್ಮ ಜಿಲ್ಲೆಯವರಿಗೆ ತುಸು ಹೆಚ್ಚೇ ಬೇಕು, ನಮ್ಮಲ್ಲಿ ಸಾಹಿತಿಗಳು ಜಾಸ್ತಿ. ಲೇಖಕರು ತೀರಿಕೊಂಡ ಮುಂದಿನ ವರ್ಷದ ಜನವರಿ 1ರಿಂದ ಅರವತ್ತು ವರ್ಷ ಹಕ್ಕು ಉಳಿಯುತ್ತದೆ. ಮೊದಲು ಐವತ್ತಿತ್ತು. 1941ರಲ್ಲಿ ತೀರಿಕೊಂಡ ಟಾಗೋರರ ಕೃತಿಗಳ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿದ್ದಾಗ ಸರಕಾರ ಅದನ್ನು ಅರವತ್ತಕ್ಕೆ ಏರಿಸಿತು. ಆ ಲೆಕ್ಕದಲ್ಲಿ 1994ರಲ್ಲಿ ತೀರಿಕೊಂಡ ಕುವೆಂಪು ಅವರ ಹಕ್ಕು 2054ರ ಕೊನೆಯವರೆಗೆ, 2000ದಲ್ಲಿ ತೀರಿಕೊಂಡ ಲಂಕೇಶರದ್ದು 2060ರವರೆಗೆ, ಅನಂತಮೂರ್ತಿಯವರದ್ದು 2074ರವರೆಗೆ, ಸಹ್ಯಾದ್ರಿ ಕಾಲೇಜಿನಲ್ಲಿ ಪಾಠ ಮಾಡಿದ ನಿಸಾರ್ ಅಹಮದ್ ಅವರದ್ದು 2080ರವರೆಗೆ. ಜಿಲ್ಲೆಯ ಪುಟಕ್ಕೆ ಕುವೆಂಪು ಕವನವೊಂದನ್ನು ಪೂರ್ತಿ ಅಂಟಿಸುವುದು ಪ್ರತಿ ಕಾರ್ಯಾಗಾರದಲ್ಲೂ ನಡೆಯುವ ಶಾಸ್ತ್ರ. ನಾಡಗೀತೆ ಎಂದ ಮಾತ್ರಕ್ಕೆ ಹಕ್ಕು ಕರಗುವುದಿಲ್ಲ. ಬಳ್ಳಿಗಾವಿಯ ಅಲ್ಲಮನದ್ದೋ ಉಡುತಡಿಯ ಅಕ್ಕನದ್ದೋ ವಚನವನ್ನು ಬೇಕಾದಷ್ಟು ಹಾಕಬಹುದು, ಆದರೆ ಈಚಿನ ಸಂಪಾದಕರು ಬರೆದ ಟಿಪ್ಪಣಿಯನ್ನಲ್ಲ.

ಸರಕಾರಿ ಪುಸ್ತಕ ಎಲ್ಲರದ್ದೂ ಅಲ್ಲವೇ ಎಂಬುದು ಇನ್ನೊಂದು ನಂಬಿಕೆ. ಅಮೆರಿಕದಲ್ಲಿ ಹೌದು, ಅಲ್ಲಿನ ಕೇಂದ್ರ ಸರಕಾರ ತಯಾರಿಸಿದ್ದು ಹುಟ್ಟುವಾಗಲೇ ಮುಕ್ತ. ಅದಕ್ಕೇ ನಾಸಾದ ಚಿತ್ರಗಳು ಎಲ್ಲೆಲ್ಲೂ ಕಾಣುತ್ತವೆ. ನಮ್ಮಲ್ಲಿ ಸರಕಾರದ ಕೃತಿಗೂ ಪ್ರಕಟವಾದ ಮೇಲೆ ಅರವತ್ತು ವರ್ಷ ಹಕ್ಕಿದೆ. 1975ರಲ್ಲಿ ಬಂದ ಶಿವಮೊಗ್ಗ ಜಿಲ್ಲಾ ಗೆಝೆಟಿಯರನ್ನು ಓದಿ ಬರೆಯಬಹುದು, ಪುಟಗಟ್ಟಲೆ ಎತ್ತಿ ಹಾಕಲು 2035 ಮುಗಿಯಬೇಕು. ಕಾಯ್ದೆಗಳು, ರಾಜ್ಯಪತ್ರ, ನ್ಯಾಯಾಲಯದ ತೀರ್ಪುಗಳಿಗೆ ಮಾತ್ರ ರಿಯಾಯಿತಿ.

ಫೋಟೋ ವಿಷಯದಲ್ಲಿ ಕಾಯ್ದೆ ಇನ್ನೂ ಸ್ವಾರಸ್ಯವಾಗಿದೆ. ಶಿವಪ್ಪನಾಯಕನ ಪ್ರತಿಮೆಯ ಫೋಟೋ ನೀವೇ ತೆಗೆದು ಧಾರಾಳವಾಗಿ ಹಾಕಿ, ಸಾರ್ವಜನಿಕ ಜಾಗದಲ್ಲಿ ಕಾಯಂ ಆಗಿರುವ ಶಿಲ್ಪಕ್ಕೆ ಅನುಮತಿ ಬೇಡ. ಪಕ್ಕದ ಗೋಡೆಯ ಮೇಲೆ ಕಲಾವಿದರು ಬಿಡಿಸಿದ ಚಿತ್ರಕ್ಕೆ ಆ ರಿಯಾಯಿತಿ ಇಲ್ಲ. ಸ್ಟುಡಿಯೋಗೆ ಹೋಗಿ ದುಡ್ಡು ಕೊಟ್ಟು ತೆಗೆಸಿಕೊಂಡ ಫೋಟೋದ ಹಕ್ಕು, ಬೇರೆ ಕರಾರು ಇಲ್ಲದಿದ್ದರೆ, ತೆಗೆಸಿದವರದ್ದು. ಫೋಟೋಗ್ರಾಫರ್ ತಾನಾಗಿಯೇ ಸಭೆಗೆ ಬಂದು ತೆಗೆದದ್ದು ಅವನದ್ದು. ವಾಟ್ಸ್ಆ್ಯಪ್‌ನಲ್ಲಿ ಬಂದ ಚಿತ್ರವನ್ನು 'ಸ್ವಂತ ಕೃತಿ' ಎಂದು ಗುರುತು ಹಾಕಿ ಏರಿಸುವವರು ಇದನ್ನೆಲ್ಲ ಕೇಳಿ ನಗುತ್ತಾರೆ. ಮೂರು ತಿಂಗಳ ನಂತರ ಚಿತ್ರ ಮಾಯವಾದಾಗ ನನಗೇ ಫೋನ್ ಮಾಡುತ್ತಾರೆ.

ಇಲ್ಲಿ ನನಗೆ ಪರಿಚಯದ ಒಬ್ಬ ಮೇಷ್ಟ್ರ ಪ್ರಸಂಗ ಹೇಳಲೇಬೇಕು. ಭದ್ರಾವತಿಯ ಹಳೇನಗರದವರು, ಹೈಸ್ಕೂಲಿನಲ್ಲಿ ಪಾಠ ಮಾಡಿ ನಿವೃತ್ತರಾದವರು. ಊರೂರು ಸೈಕಲ್ ತುಳಿದು ಜಿಲ್ಲೆಯ ದೇವಸ್ಥಾನಗಳ ಮೇಲೆ ಒಂದು ಪುಸ್ತಕ ಬರೆದಿದ್ದರು. ಅದರ ಎರಡನೇ ಮುದ್ರಣ ನನ್ನಲ್ಲೇ ಟೈಪ್ ಆದದ್ದು. ಅವರ ಹಳೆಯ ಶಿಷ್ಯನೊಬ್ಬ ಭಕ್ತಿಯಿಂದ ಅದರ ಒಂದು ಅಧ್ಯಾಯವನ್ನು ಇದ್ದಂತೆಯೇ ವಿಕಿಪೀಡಿಯಕ್ಕೆ ಹಾಕಿದ. ಮೇಷ್ಟ್ರಿಗೆ ಖುಷಿಯೋ ಖುಷಿ. ವಾರದೊಳಗೆ ಯಾರೋ ಅದನ್ನು ಅಳಿಸಿದರು, 'ಕೃತಿಸ್ವಾಮ್ಯ ಉಲ್ಲಂಘನೆ' ಎಂಬ ಎರಡೇ ಪದದ ಕಾರಣ ಕೊಟ್ಟು.

"ನನ್ನ ಪುಸ್ತಕ ಕಣಮ್ಮ, ನಾನೇ ಹಾಕು ಅಂದಿದೀನಿ. ನಂದನ್ನೇ ನಾನು ಕದ್ದೆ ಅಂತಾರಲ್ಲ?"

ಅವರಿಗಾದ ಅವಮಾನ ನ್ಯಾಯವಾದದ್ದು. ಅಳಿಸಿದವರು ಸರಿಯಾದದ್ದನ್ನೇ ಮಾಡಿದ್ದರು, ಆದರೆ ಹೊಸಬನಿಗೆ ನಾಲ್ಕು ಸಾಲು ಕನ್ನಡದಲ್ಲಿ ಬರೆಯುವಷ್ಟು ಸೌಜನ್ಯ ತೋರಲಿಲ್ಲ. ಕನ್ನಡ ವಿಕಿಪೀಡಿಯಕ್ಕೆ ಅರಳಿಕಟ್ಟೆ ಎಂಬ ಚೆಂದದ ಹೆಸರಿನ ಚರ್ಚೆಯ ಜಾಗವಿದೆ. ಕಟ್ಟೆಯಿಂದ ಎಬ್ಬಿಸುವಾಗಲೂ ಒಂದು ಮಾತು ಆಡಿ ಎಬ್ಬಿಸಬೇಕು.

ಅನುಮತಿಯ ದಾರಿ ಹೀಗಿದೆ ಎಂದು ಮೇಷ್ಟ್ರಿಗೆ ವಿವರಿಸಿದೆ. ಬಾಯಿಮಾತಿನ ಒಪ್ಪಿಗೆ ಸಾಲದು. ವಿಕಿಮೀಡಿಯದ ಸ್ವಯಂಸೇವಕರ ತಂಡಕ್ಕೆ ಹಕ್ಕುದಾರರೇ ಇಮೇಲ್ ಬರೆದು, ಇಂಥ ಪಠ್ಯವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿದ್ದೇನೆ ಎನ್ನಬೇಕು. ಆ ಪರವಾನಗಿಯ ಪ್ರಕಾರ ಹೆಸರು ಹೇಳಿ ಯಾರು ಬೇಕಾದರೂ ಅದನ್ನು ಬಳಸಬಹುದು, ಬದಲಿಸಬಹುದು, ಮಾರಲೂಬಹುದು.

"ಮಾರೋದಾ?"

"ಹೌದು ಸಾರ್. ವಿಕಿಪೀಡಿಯಕ್ಕೆ ಮಾತ್ರ ಕೊಟ್ಟೆ ಅನ್ನೋ ಹಾಗಿಲ್ಲ."

ಪ್ರಕಾಶಕರಿಗೆ ಬರೆದುಕೊಟ್ಟ ಕಾಗದ ಏನಾದರೂ ಇದೆಯಾ ಎಂದೂ ಕೇಳಿದೆ. ಇರಲಿಲ್ಲ. ನಮ್ಮ ಕಡೆ ಯಾರ ಹತ್ತಿರ ಇರುತ್ತದೆ? ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲೇ ಆಗಬೇಕು, ಸಹಿ ಇರಬೇಕು. ಅವಧಿ ಬರೆದಿಲ್ಲದಿದ್ದರೆ ಐದೇ ವರ್ಷ. ಹಾಗಾಗಿ ಹಕ್ಕು ಮೇಷ್ಟ್ರದ್ದೇ. ಅವರು ಒಂದೆರಡು ದಿನ ಯೋಚಿಸಿ, ಯಾರೋ ಮಾರುವುದಾದರೆ ಬೇಡ ಎಂದರು. ಅದು ಅವರ ಹಕ್ಕು, ನಾನು ಒತ್ತಾಯಿಸಲಿಲ್ಲ. ಶಿಷ್ಯ ಪುಸ್ತಕವನ್ನು ಮುಂದಿಟ್ಟುಕೊಂಡು ಹೊಸದಾಗಿ ಬರೆದ, ಅಡಿಟಿಪ್ಪಣಿಯಲ್ಲಿ ಮೇಷ್ಟ್ರ ಹೆಸರು ಹಾಕಿದ. ಕನ್ನಡಕ ಹಾಕಿಕೊಂಡು ಆ ಟಿಪ್ಪಣಿಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದ ಮೇಷ್ಟ್ರಿಗೆ ಹೊಸ ಹುರುಪು ಬಂತು. ತಾವೇ ಖಾತೆ ತೆರೆದು, ಕಂಡ ಕಂಡ ದೇವಸ್ಥಾನದ ಪುಟಕ್ಕೆಲ್ಲ ತಮ್ಮ ಪುಸ್ತಕದ ಹೆಸರು ಸೇರಿಸುತ್ತ ಹೋದರು.

ಕೃತಿಸ್ವಾಮ್ಯದ ಬಾಗಿಲಲ್ಲಿ ನಿರ್ದೋಷಿಯಾಗಿ ಹೊರಬಂದವರು ಹಿತಾಸಕ್ತಿಯ ಬಾಗಿಲಿಗೆ ಹೋಗಿ ನಿಂತಿದ್ದರು. ತನ್ನ ಪುಸ್ತಕವನ್ನು ತಾನೇ ಆಧಾರವಾಗಿ ಕೊಡುವುದು ಪೂರ್ತಿ ತಪ್ಪಲ್ಲ, ವಿಷಯಕ್ಕೆ ಬೇಕಾದರೆ ಕೊಡಬಹುದು. ಪುಟಕ್ಕೊಂದರಂತೆ ನೆಡುತ್ತ ಹೋದರೆ ಅದು ಪ್ರಚಾರ. ಮೇಷ್ಟ್ರಿಗೆ ಪುಸ್ತಕ ಮಾರಿ ದುಡ್ಡು ಮಾಡುವ ಉದ್ದೇಶವಿರಲಿಲ್ಲ. ಇಂಥ ಕಡೆ ಉದ್ದೇಶ ಮುಖ್ಯವಾಗುವುದಿಲ್ಲ, ಸಂಬಂಧ ಮುಖ್ಯವಾಗುತ್ತದೆ. ಇದನ್ನು ಹೊಸಬರಿಗೆ ಹೇಳುವುದೇ ಕಷ್ಟ. ಹಿತಾಸಕ್ತಿ ಸಂಘರ್ಷ ಎಂದ ಕೂಡಲೇ ತಮ್ಮ ಪ್ರಾಮಾಣಿಕತೆಯನ್ನು ಅನುಮಾನಿಸಿದರು ಎಂದು ಮುಖ ಗಂಟಿಕ್ಕುತ್ತಾರೆ.

ಆದ್ದರಿಂದ ನನ್ನ ಸಂಬಂಧವನ್ನೂ ಹೇಳಿಬಿಡುತ್ತೇನೆ. ನಾನು ಭದ್ರಾವತಿಯ ನ್ಯೂಟೌನಿನ ಕ್ವಾರ್ಟರ್ಸ್‌ನಲ್ಲಿ ಬೆಳೆದವಳು. ಅಪ್ಪ ಮೇಲೆ ಹೇಳಿದ 1923ರ ಕಾರ್ಖಾನೆಯ, ಅಂದರೆ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯ (ವಿಐಎಸ್‌ಎಲ್) ಫೌಂಡ್ರಿಯಲ್ಲಿದ್ದರು. ಚಿಕ್ಕಪ್ಪ ಪೇಪರ್ ಮಿಲ್ಲಿನಲ್ಲಿದ್ದರು, ಅವರ ಮಗ ಕಾರ್ಖಾನೆಯಲ್ಲಿ ಗುತ್ತಿಗೆ ಕಾರ್ಮಿಕ. ವಿಕಿಪೀಡಿಯದ ನನ್ನ ಸದಸ್ಯ ಪುಟದಲ್ಲಿ ಇಷ್ಟನ್ನೂ ಬರೆದಿದ್ದೇನೆ. ವಿಐಎಸ್‌ಎಲ್ ಬಗ್ಗೆ ನಾನು ಬರೆದದ್ದನ್ನು ಓದುವವರು ಇದನ್ನು ತಿಳಿದು ಓದಲಿ ಎಂದು.

2023ರ ಜನವರಿ ನಮ್ಮೂರಿಗೆ ವಿಚಿತ್ರವಾದ ತಿಂಗಳು. ಕಾರ್ಖಾನೆಗೆ ನೂರು ತುಂಬಿತು. ಅದೇ ತಿಂಗಳು ಅದರ ಒಡೆತನದ ಭಾರತೀಯ ಉಕ್ಕು ಪ್ರಾಧಿಕಾರ (ಸೇಲ್) ಅದನ್ನು ಮುಚ್ಚುವ ನಿರ್ಧಾರ ಮಾಡಿದ ಸುದ್ದಿ ಬಂತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಯಾರೂ ಗಮನಿಸದ ಮೂರನೆಯದೂ ಒಂದಿತ್ತು: 1962ರಲ್ಲಿ ತೀರಿಕೊಂಡ ವಿಶ್ವೇಶ್ವರಯ್ಯನವರ ಬರಹಗಳ ಹಕ್ಕು 2022ರ ಕೊನೆಗೆ ಮುಗಿದು, ಆ ಜನವರಿ 1ರಿಂದ ಅವು ಎಲ್ಲರ ಸ್ವತ್ತಾದವು. 1951ರಲ್ಲಿ ಅವರು ಇಂಗ್ಲಿಷಿನಲ್ಲಿ ಪ್ರಕಟಿಸಿದ ನೆನಪುಗಳ ಪುಸ್ತಕವನ್ನು ಈಗ ಯಾರು ಬೇಕಾದರೂ ಕನ್ನಡಕ್ಕೆ ತರಬಹುದು, ಪುಟಗಟ್ಟಲೆ ಉಲ್ಲೇಖಿಸಬಹುದು. ಈಗಾಗಲೇ ಇರುವ ಅನುವಾದಗಳಿಗೆ ಅನುವಾದಕರ ಹಕ್ಕು ಬೇರೆ ಇರುತ್ತದೆ, ಅಷ್ಟನ್ನು ನೆನಪಿಟ್ಟರೆ ಸಾಕು. ಮಕ್ಕಳಿಗೆ ಬರೀ ಬೇಡ ಬೇಡ ಎನ್ನುವ ಬದಲು ಇಂಥದ್ದನ್ನು ಕೈಗೆ ಕೊಡಬೇಕು ಎನ್ನುವುದು ನನ್ನ ವಾದ.

ಆ ಜನವರಿಯ ನಂತರ ಕಾರ್ಖಾನೆಯ ಪುಟವನ್ನು ತಿದ್ದುವ ಆಸೆ ಎಷ್ಟು ಜನಕ್ಕಿತ್ತೋ. ಸಂಘದವರಿಗೆ ಹೋರಾಟದ ಪೂರ್ತಿ ವಿವರ ಬರಬೇಕು. ಆಡಳಿತದ ಕಡೆಯವರಿಗೆ ನಷ್ಟದ ಅಂಕಿಅಂಶ ಬರಬೇಕು. ರಾಜಕೀಯದವರಿಗೆ ತಮ್ಮ ನಾಯಕರು ದೆಹಲಿಗೆ ಕೊಟ್ಟ ಮನವಿಯ ಫೋಟೋ ಬರಬೇಕು. ಇವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಪ್ರತಿಯೊಬ್ಬರೂ ತಮಗೆ ಬೇಕಾದ ನಿಜವನ್ನೇ ಹಾಕಲು ನೋಡುತ್ತಾರೆ. ನಾನು ಆ ಭಾಗವನ್ನು ಮುಟ್ಟಿಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಇದ್ದಿಲ ಕುಲುಮೆ, 1998ರಲ್ಲಿ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದದ್ದು, ಇಂಥವುಗಳನ್ನು ನಾನು ತಿದ್ದಬಲ್ಲೆ. ಚಿಕ್ಕಪ್ಪನ ಮಗ ಧರಣಿಯಲ್ಲಿ ಕೂತಿದ್ದಾಗ ಆ ಧರಣಿಯ ಬಗ್ಗೆ ತಟಸ್ಥವಾಗಿ ಬರೆಯುತ್ತೇನೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ.

ಹಾಗಾದರೆ ಭದ್ರಾವತಿಯಲ್ಲಿ ಬರೆಯುವವರು ಯಾರು? ಕಾರ್ಖಾನೆಗೋ ಪೇಪರ್ ಮಿಲ್ಲಿಗೋ ಸಂಬಂಧವಿಲ್ಲದ ಮನೆ ಈ ಊರಲ್ಲಿ ಹುಡುಕಬೇಕು. ಇಂಗ್ಲಿಷ್ ವಿಕಿಪೀಡಿಯದ ಸಲಹೆ ಸರಳ: ಸಂಬಂಧವಿದ್ದರೆ ಪುಟವನ್ನು ನೇರ ತಿದ್ದಬೇಡಿ, ಚರ್ಚೆ ಪುಟದಲ್ಲಿ ಸೂಚಿಸಿ, ಬೇರೆಯವರು ನೋಡಿ ಸೇರಿಸುತ್ತಾರೆ. ಅಲ್ಲಿ ನೋಡುವ ಬೇರೆಯವರು ಸಾವಿರಾರು ಇದ್ದಾರೆ. ಕನ್ನಡದಲ್ಲಿ ಲೇಖನಗಳು ಮೂವತ್ತು ಸಾವಿರ ದಾಟಿವೆ, ದಿನವೂ ಕೂತು ಕಾಯುವವರು ಕೆಲವೇ ಮಂದಿ. ಚರ್ಚೆ ಪುಟದಲ್ಲಿ ಬರೆದ ಸೂಚನೆಗೆ ಮಳೆಗಾಲ ಕಳೆದು ಬೇಸಿಗೆ ಬಂದರೂ ಉತ್ತರ ಬರದೇ ಇರಬಹುದು. ಇಂಗ್ಲಿಷಿನ ನಿಯಮವನ್ನು ಹಾಗೇ ತಂದು ಹೇರಿದರೆ ನಮ್ಮ ಊರುಗಳ ಪುಟಗಳು ಖಾಲಿಯೇ ಉಳಿಯುತ್ತವೆ.

ನನ್ನ ಅಭಿಪ್ರಾಯದಲ್ಲಿ ಊರಿನ ಸಂಬಂಧ ಬೇರೆ, ಸಂಬಳದ ಸಂಬಂಧ ಬೇರೆ. ಭದ್ರಾವತಿಯವಳು ಭದ್ರಾವತಿ ಬಗ್ಗೆ ಬರೆಯಬಹುದು, ಬರೆಯಬೇಕು. ಲಕ್ಷ್ಮೀನರಸಿಂಹ ದೇವಸ್ಥಾನದ ಎದುರು ಬೀದಿಯವರು ಆ ಹೊಯ್ಸಳ ಗುಡಿಯ ಬಗ್ಗೆ ಬರೆಯಲು ಯಾರ ಅಪ್ಪಣೆಯೂ ಬೇಡ. ಆದರೆ ಸಂಸ್ಥೆಯಿಂದ ಸಂಬಳವೋ ಗೌರವಧನವೋ ಪಡೆಯುವವರು, ಪಕ್ಷದ ಪದಾಧಿಕಾರಿಗಳು, ಟ್ರಸ್ಟಿಗಳು, ಸಾಹೇಬರ ಪಿಎಗಳು ಆ ಪುಟದಿಂದ ದೂರವಿರಲಿ. ನಡುವಿನವರು, ನನ್ನಂಥವರು, ಸಂಬಂಧ ಹೇಳಿಕೊಂಡು, ಹೊರಗಿನ ಆಧಾರವಿರುವ ಸಂಗತಿಯನ್ನಷ್ಟೇ ಸೇರಿಸಲಿ, ಹೊಗಳಿಕೆಯನ್ನೂ ಜಗಳವನ್ನೂ ಬೇರೆಯವರಿಗೆ ಬಿಡಲಿ. ಇದನ್ನು ಅರಳಿಕಟ್ಟೆಯಲ್ಲಿ ಚರ್ಚಿಸಿ, ಸುಲಭವಾದ ಕನ್ನಡದಲ್ಲಿ ಒಂದು ಪುಟವಾಗಿ ಬರೆದಿಟ್ಟರೆ ಹೊಸಬರಿಗೆ ಓದಿಸಬಹುದು.

ಹೊರಗಿನ ಆಧಾರ ಎಂದೆ. ಅದು ನಿಜವಾಗಿಯೂ ಹೊರಗಿನದ್ದೇ ಎಂಬುದು ನಮ್ಮಲ್ಲಿ ದೊಡ್ಡ ತಲೆನೋವು. ನಾನು ಟೈಪಿಸಿದ ಅಭಿನಂದನ ಗ್ರಂಥಗಳ ಸಾಲು ಉದ್ದವಿದೆ. ಬಹಳಷ್ಟಕ್ಕೆ ದುಡ್ಡು ಕೊಟ್ಟವರು ಅಭಿನಂದಿತರ ಮನೆಯವರೇ. ಲೇಖನ ಬರೆದವರು ಶಿಷ್ಯರು, ನೆಂಟರು, ಸಹೋದ್ಯೋಗಿಗಳು. ಪತ್ರಿಕೆಗಳ ವಿಶೇಷ ಪುರವಣಿಯಲ್ಲಿ ಜಾಹೀರಾತಿನ ಪಕ್ಕದಲ್ಲೇ ಜಾಹೀರಾತುದಾರರ ಜೀವನಗಾಥೆ ಬರುತ್ತದೆ, ವಿಕಿಪೀಡಿಯದಲ್ಲಿ ಅದಕ್ಕೆ 'ಪತ್ರಿಕಾ ವರದಿ' ಎಂದು ಉಲ್ಲೇಖ ಬೀಳುತ್ತದೆ. ಈ ಮಾತನ್ನು ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ, ಸಂಪಾದಕರು ಕತ್ತರಿ ಹಾಕದಿದ್ದರೆ ನೀವು ಓದುತ್ತಿರುತ್ತೀರಿ. ಇದರ ಉಲ್ಟಾ ಕೂಡ ಇದೆ. ಕನ್ನಡ ವಿಕಿಪೀಡಿಯದ ಪ್ಯಾರಾಗಳು ಹೆಸರಿಲ್ಲದೆ ಪುರವಣಿಗಳಲ್ಲಿ ಬರುತ್ತವೆ. ವಿಕಿಪೀಡಿಯದಿಂದ ಎತ್ತಿಕೊಳ್ಳಲು ಯಾರ ಅಡ್ಡಿಯೂ ಇಲ್ಲ, ಎಲ್ಲಿಂದ ಎಂದು ಹೇಳಿ, ಅದೇ ಪರವಾನಗಿ ಉಳಿಸಿಕೊಂಡರಾಯಿತು. ಹೇಳದೇ ಇದ್ದಾಗ, ಮುಂದೆ ಯಾರೋ ಆ ಪುರವಣಿಯನ್ನೇ ಆಧಾರವೆಂದು ವಿಕಿಪೀಡಿಯಕ್ಕೆ ತಂದು ಹಾಕುತ್ತಾರೆ, ಬರೆದವಳ ಊಹೆಯೇ ಬರೆದವಳಿಗೆ ಸಾಕ್ಷಿಯಾಗಿ ಬರುತ್ತದೆ.   

ಕೊಡುವ ಕೈಗಳೂ ಕನ್ನಡದಲ್ಲಿವೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ತನ್ನ ಕನ್ನಡ ವಿಶ್ವಕೋಶವನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಲು ಮುಂದಾಯಿತು, ಇವತ್ತು ಮುಕ್ತ ಪುಸ್ತಕಗಳ ಸೋದರ ತಾಣ ವಿಕಿಸೋರ್ಸ್‌ನಲ್ಲಿ ಅದರ ಲೇಖನಗಳಿವೆ. ಅದೇ ವರ್ಷ ನಿರಂಜನರ ಮಗಳು ತೇಜಸ್ವಿನಿ ನಿರಂಜನ ಅಪ್ಪನ ಐವತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಹಾಗೆ ಬಿಟ್ಟುಕೊಟ್ಟರು. ಇಲ್ಲದಿದ್ದರೆ ಅವಕ್ಕೆ ಇನ್ನೂ ಹಲವು ದಶಕ ಕಾಯಬೇಕಿತ್ತು. ನಿರಂಜನರು 'ಜ್ಞಾನ ಗಂಗೋತ್ರಿ' ಎಂಬ ಕಿರಿಯರ ವಿಶ್ವಕೋಶವನ್ನು ಸಂಪಾದಿಸಿದವರು ಎಂಬುದು ನೆನಪಾಗುತ್ತದೆ. ಜಿಲ್ಲೆಯ ಚರಿತ್ರೆಯ ಪುಸ್ತಕಗಳನ್ನು ಸರಕಾರಿ ದುಡ್ಡಿನಲ್ಲಿ ಹೊರತರುವ ನಮ್ಮ ಅಕಾಡೆಮಿಗಳು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ, ಇವು ತಮ್ಮ ಮುದ್ರಣ ಮುಗಿದ ಪುಸ್ತಕಗಳಿಗೆ ಹೀಗೆ ಮಾಡಬಹುದಲ್ಲ? ಗೋದಾಮಿನಲ್ಲಿ ಗೆದ್ದಲಿಗೆ ಪರವಾನಗಿ ಬೇಕಿಲ್ಲ, ಓದುಗರಿಗೆ ಬೇಕು.

ಕಾಲೇಜಿನವರಲ್ಲಿ ನನ್ನ ಕೋರಿಕೆ ಚಿಕ್ಕದು. ಉದ್ದಕ್ಕೆ ಅಂಕ ಕೊಡಬೇಡಿ. 'ನಮ್ಮ ಕಾಲೇಜಿನ ಪುಟ ಚೆನ್ನಾಗಿ ಬರೆಯಿರಿ' ಎಂದು ಮಕ್ಕಳಿಗೆ ಹೇಳಬೇಡಿ, ಅದು ಅವರನ್ನು ಮೊದಲ ದಿನವೇ ನಿಯಮ ಮುರಿಯಲು ಕೂರಿಸಿದಂತೆ. ಮೊದಲ ಅರ್ಧ ಗಂಟೆಯಲ್ಲಿ ಸದಸ್ಯ ಪುಟ ತೆರೆಸಿ, ತಾನು ಯಾವ ಊರು, ಯಾವ ಕಾಲೇಜು, ಯಾರು ಬರೆಯಲು ಹೇಳಿದರು ಎಂದು ಬರೆಸಿ. ಹೆಸರು, ಫೋನ್ ನಂಬರ್ ಬೇಡ. ಆಮೇಲೆ ಹಕ್ಕು ಮುಗಿದ ಒಂದು ಪುಸ್ತಕ ಕೈಗಿಡಿ.

ನಮ್ಮ ಮೇಷ್ಟ್ರಿಗೆ ಹಾಗೇ ಮಾಡಿದೆವು. ತಾವು ಲೇಖಕರು ಎಂದು ಸದಸ್ಯ ಪುಟದಲ್ಲಿ ಬರೆದುಕೊಂಡರು, ತಮ್ಮ ಪುಸ್ತಕದ ಹೆಸರನ್ನು ಬೇಡದ ಕಡೆಗಳಿಂದ ಗೊಣಗುತ್ತಲೇ ತೆಗೆದರು. ಬಿ.ಎಲ್. ರೈಸ್ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕಾದ ಶಿವಮೊಗ್ಗ ಸಂಪುಟಗಳು 1902 ಮತ್ತು 1904ರಲ್ಲಿ ಬಂದವು. ರೈಸ್ ತೀರಿಕೊಂಡದ್ದು 1927ರಲ್ಲಿ, ಆದ್ದರಿಂದ ಹಕ್ಕಿನ ಗೊಡವೆ ಇಲ್ಲ. ಅವುಗಳಲ್ಲಿನ ಶಾಸನಪಾಠಗಳನ್ನು ವಿಕಿಸೋರ್ಸ್‌ಗೆ ಟೈಪಿಸಲು ಈಗ ಮೇಷ್ಟ್ರು ಕೂತಿದ್ದಾರೆ. ಮೊನ್ನೆ ಅಂಗಡಿಗೆ ಬಂದು ಪ್ರಿಂಟೌಟ್ ಮೇಜಿಗೆ ಬಡಿದರು.

"ಇಲ್ಲಿ ರೈಸ್ ಸಾಹೇಬ ಅಕ್ಷರ ತಪ್ಪಾಗಿ ಓದಿದಾನೆ ಕಣಮ್ಮ. ನಾನು ಕಲ್ಲು ಮುಟ್ಟಿ ನೋಡಿದೀನಿ. ತಿದ್ದಿಬಿಡಲಾ?"

"ವಿಕಿಸೋರ್ಸ್‌ನಲ್ಲಿ ರೈಸ್ ಅಚ್ಚು ಹಾಕಿದ್ದು ಹೆಂಗಿದೆಯೋ ಹಂಗೇ ಇರ್ಬೇಕು ಸಾರ್."

"ವಿಕಿಪೀಡಿಯದಲ್ಲಿ?"

"ನೀವು ನೋಡಿದೀರಿ ಅನ್ನೋದು ಆಧಾರ ಆಗಲ್ಲ. ಮೊದಲು ಯಾವುದಾದರೂ ಇತಿಹಾಸದ ಪತ್ರಿಕೆಗೆ ಲೇಖನ ಕಳಿಸಿ. ಅವರು ತಜ್ಞರಿಗೆ ತೋರಿಸಿ ಅಚ್ಚು ಹಾಕಲಿ. ಆಮೇಲೆ ಬೇರೆ ಯಾರಾದರೂ ಸೇರಿಸ್ತಾರೆ, ನೀವಲ್ಲ."

ಮೇಷ್ಟ್ರು ಕುರ್ಚಿ ಎಳೆದುಕೊಂಡು ಕೂತರು. ಲೇಖನ ಹೇಳುತ್ತ ಹೋಗುತ್ತೇನೆ, ಟೈಪ್ ಮಾಡು ಎಂದರು. ಪುಟಕ್ಕೆ ಎಷ್ಟಾಗತ್ತೆ ಎಂದೂ ಕೇಳಿದರು. ಅದಕ್ಕೆ ನನ್ನಲ್ಲಿ ರೇಟಿದೆ.